ಹತ್ತನೆಯ ಗಳ

ಫೆಬ್ರವರಿ 9

ಮಾನ್ಯರೇ,

ಲಕೋಟೆಯ ಮೇಲೆ ‘ಮೈಕಣ್ಣನವರಿಗೆ, ಪ್ರವಾಸಿ ದೋಣಿ ಕಚೇರಿ’ ಎಂದಷ್ಟೇ ಬರೆದರೆ ಸಾಕು, ತಲುಪುತ್ತದೆ ಎಂದು ನಿಮ್ಮಲ್ಲಿ ಟಿಕೆಟ್ ಹರಿಯುವಾಕೆ ಹೇಳಿದ್ದಳು. ಅದನ್ನು ನಂಬಿ ಬರೆಯುತ್ತಿದ್ದೇನೆ.

ಹೋದ ಭಾನುವಾರ ನಿಮ್ಮ ದೋಣಿಯಲ್ಲಿ ಬಂದ ಅರವತ್ತು ಜನರಲ್ಲಿ ನಾನೂ ಒಬ್ಬಳು. ಕನ್ನಡಕದ ಅಂಗಡಿಯ ಗುಂಪು ಎಂದರೆ ನೆನಪಾಗಬಹುದು. ನಮ್ಮ ಅಂಗಡಿಯ ಯಜಮಾನರು ದುರ್ಬೀನಿನ ಮುಚ್ಚಳ ತೆಗೆಯದೆ ಕಣ್ಣಿಗೆ ಹಿಡಿದು, “ಏನೂ ಕಾಣ್ತಿಲ್ವಲ್ಲ” ಎಂದಾಗ ನೀವು ಮೈಕಿನಲ್ಲಿ, “ನೋಡಿ, ಕನ್ನಡಕ ಮಾರೋರ ಮನೇಲೇ ಕತ್ತಲೆ” ಎಂದಿರಿ. ಈಗ ಅಂಗಡಿಯಲ್ಲಿ ದಿನವೂ ಅದೇ ಮಾತು.

ಅಷ್ಟು ನಿಧಾನವಾಗಿ ನಾನು ಯಾವತ್ತೂ ಎಲ್ಲಿಗೂ ಹೋದವಳಲ್ಲ. ಒಂದು ಹೊಳೆ ಐದಾಗಿ, ಐದು ಇಪ್ಪತ್ತಾಗಿ, ಯಾವುದು ನೀರು ಯಾವುದು ನೆಲ ಎಂದು ತಿಳಿಯದಂತೆ ಹರಡಿಕೊಳ್ಳುವುದು, ನೀರೊಳಗೆ ಬೇರು ಊರಿ ನಿಂತ ಮರಗಳು, ನಮ್ಮನ್ನು ಕಂಡರೂ ಕೊಕ್ಕೆತ್ತದ ಕೊಕ್ಕರೆಗಳು. ಎಲ್ಲರೂ ಊಟ ಮುಗಿಸಿ ತೂಕಡಿಸುವ ಹೊತ್ತಿಗೆ ಆ ದೊಡ್ಡ ತಿರುವು ಬಂತು. ನೀವು ಕೆಸರಿನ ದಿಬ್ಬವೊಂದನ್ನು ತೋರಿಸಿ, “ಇದು ಕುಡುಕನ ದಿಬ್ಬ” ಎಂದು ಶುರುಮಾಡಿದಿರಿ. ಹೆಂಚು ಸಾಗಿಸುವ ದೋಣಿಯವನೊಬ್ಬ ಕಂಠಮಟ್ಟ ಕುಡಿದು ಬಂದು, ಈ ದಿಬ್ಬವನ್ನೇ ತನ್ನ ಮನೆಯ ದಡವೆಂದುಕೊಂಡು ದೋಣಿ ಏರಿಸಿ, “ಬಂದೆ ಕಣೇ, ಬಾಗಿಲು ತೆಗಿ” ಎಂದು ಕೆಸರಿಗೆ ಹೇಳಿದನಂತೆ. ನೀವು ಅವನ ತೊದಲು ದನಿ ತೆಗೆದಾಗ ಇಡೀ ದೋಣಿ ನಕ್ಕಿತು. ನಾನೂ ನಕ್ಕೆ. ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತುವಷ್ಟು ನಕ್ಕೆ.

ಕೊನೆಗೆ ನೀವು, “ದೋಣಿ ಮಗುಚಿ ಅಲ್ಲೇ ಸತ್ತ. ಅವನ ದೋಣಿಗೆ ಒಂದೇ ಕಣ್ಣು ಬರೆದಿದ್ರು, ಒಂಟಿಕಣ್ಣಿ ಅಂತ ಅದರ ಹೆಸರು” ಎಂದಿರಿ.

ನನ್ನ ಅಮ್ಮನ ಪೆಟ್ಟಿಗೆಯಲ್ಲಿ ಒಂದು ಫೋಟೋ ಇದೆ. ದೋಣಿಯೊಂದರ ಮೂತಿ, ಅದರ ಮೇಲೆ ಬಣ್ಣದಲ್ಲಿ ಬರೆದ ಕಣ್ಣು, ಪಕ್ಕದಲ್ಲಿ ಬಹಳ ಎತ್ತರದ ಗಂಡಸು. ಅವನ ನೆತ್ತಿ ಚೌಕಟ್ಟಿನಿಂದ ಆಚೆ ಹೋಗಿದೆ. ಹಿಂದೆ ಅಮ್ಮನ ಅಕ್ಷರ: ‘ಒಂಟಿಕಣ್ಣಿ ಮತ್ತು ಅವರು’. ಅಪ್ಪ ಜ್ವರದಿಂದ ಹೋದರು ಎಂದು ಅಮ್ಮ ಹೇಳಿದ್ದಾಳೆ. ಆಗ ನನಗೆ ನಾಲ್ಕು ತಿಂಗಳಂತೆ.

ನಾನು ದೂರು ಕೊಡುತ್ತಿಲ್ಲ. ಆ ಕುಡುಕ ನನ್ನ ಅಪ್ಪನೇ ಎಂಬುದಷ್ಟೇ ತಿಳಿಯಬೇಕು. ಹೌದಾದರೆ, ನನ್ನ ಅಪ್ಪ ಸತ್ತ ಜಾಗದಲ್ಲಿ ನಾನು ನಕ್ಕು ಬಂದಿದ್ದೇನೆ.

ಇಂತಿ,
ಕನ್ನಡಕದ ಅಂಗಡಿಯವಳು


ಫೆಬ್ರವರಿ 20

ಮಗಳೇ,

ಹೀಗೆ ಕರೆಯಲು ನನಗೆ ಅಧಿಕಾರವಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಿನ್ನ ಕಾಗದಕ್ಕೆ ಎರಡು ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ, ‘ಕಥೆಗೆ ಕಾಲಿಲ್ಲ ತಾಯಿ, ಅದು ಯಾರೋ ಬೇರೆ’ ಎಂದು ಬರೆದಿದ್ದೆ. ಎರಡನೆಯದರಲ್ಲಿ ನನಗೆ ಮರೆವು ಹೆಚ್ಚಾಗಿದೆ ಎಂದಿದ್ದೆ. ದಿನಕ್ಕೆ ಎರಡು ಸಲ ಅರವತ್ತು ಜನರಿಗೆ ಸುಳ್ಳು ಹೇಳುವ ಬಾಯಿ ಇದು. ಒಬ್ಬಳಿಗೆ ಹೇಳಲು ಬರಲಿಲ್ಲ.

ಹೌದು. ಅವರು ನಿನ್ನ ಅಪ್ಪ. ನಾನು ಅವರ ದೋಣಿಯಲ್ಲೇ ಬೆಳೆದವನು, ಅವರನ್ನು ಅಣ್ಣ ಎನ್ನುತ್ತಿದ್ದೆ, ನಿನ್ನ ಅಮ್ಮನನ್ನು ಅತ್ತಿಗೆ ಎನ್ನುತ್ತಿದ್ದೆ. ನೀನು ಹುಟ್ಟಿದಾಗ ನಿನ್ನನ್ನು ಎತ್ತಿಕೊಂಡ ಮೂರನೆಯವನು ನಾನು. ನನ್ನ ಅಂಗಿಯನ್ನು ಒದ್ದೆ ಮಾಡಿದ ಮೊದಲನೆಯವಳು ನೀನು.

ಇನ್ನೊಂದು ಮಾತು. ಅಣ್ಣ ಕುಡಿಯುತ್ತಿರಲಿಲ್ಲ. ಕುಡಿಯುವುದಿರಲಿ, ವಾಸನೆಯೂ ಆಗುತ್ತಿರಲಿಲ್ಲ. ಇಂಜಿನ್ ರಿಪೇರಿಯವ ಸಂಜೆ ಹೊತ್ತು ದೋಣಿ ಹತ್ತಿದರೆ ಅಣ್ಣ ಇನ್ನೊಂದು ತುದಿಗೆ ಹೋಗಿ ಕೂರುತ್ತಿದ್ದರು. “ಇವನ ಬಾಯಿ ಮುಂದೆ ಬೆಂಕಿಕಡ್ಡಿ ಗೀರಬೇಡ್ರೋ, ಹೊಳೆ ಹತ್ತಿಕೊಳ್ಳುತ್ತೆ” ಎನ್ನುತ್ತಿದ್ದರು.

ಎತ್ತರ ಎಷ್ಟೆಂದರೆ, ಅವರು ನೀರಿಗಿಳಿದು ಎದೆಮಟ್ಟ ಎಂದ ಕಡೆ ನಾವೆಲ್ಲ ಮುಳುಗುತ್ತಿದ್ದೆವು. ಅವರ ಎದೆಮಟ್ಟವನ್ನು ಯಾರೂ ನಂಬುತ್ತಿರಲಿಲ್ಲ. ದೋಣಿಗೆ ಕಣ್ಣು ಬರೆಯಲು ಕೂತು, ಎಡಗಣ್ಣು ಮುಗಿಯುವ ಹೊತ್ತಿಗೆ ಬಣ್ಣದ ಡಬ್ಬಿ ಖಾಲಿಯಾಯಿತು. ನಾನು ಇನ್ನೊಂದು ಡಬ್ಬಿ ತರಲು ಹೊರಟರೆ, “ಇರಲಿ ಬಿಡೋ, ಬಲಗಡೆ ನೀನಿದೀಯಲ್ಲ, ನೋಡ್ಕೋ” ಎಂದರು.

ಕುಡಿತ ನಾನು ಕಥೆಗೆ ಹಾಕಿದ ಉಪ್ಪು. ಆ ತಿರುವಿನಲ್ಲಿ ಇಪ್ಪತ್ತು ನಿಮಿಷ ನೋಡಲು ಏನೂ ಇಲ್ಲ. ಹಕ್ಕಿ ಇಲ್ಲ, ಮರ ಇಲ್ಲ, ಬರೀ ಕೆಸರು. ಊಟವಾದ ಜನ ಆಕಳಿಸುತ್ತಾರೆ. ಜನ ಆಕಳಿಸಿದರೆ ದೋಣಿಯ ಯಜಮಾನರು ನನ್ನ ಕಡೆ ನೋಡುತ್ತಾರೆ. ಅದಕ್ಕೆ ಹೇಳಿದೆ.

ನೀನು ನಕ್ಕದ್ದು ತಪ್ಪಲ್ಲ. ಅಡುಗೆ ಕೆಟ್ಟರೆ ಬೈಗುಳ ಅಡುಗೆಯವನಿಗೆ, ಉಂಡವರಿಗಲ್ಲ. ಯಾವಾಗ ಬೇಕಾದರೂ ಬಾ, ನಿನಗೆ ಟಿಕೆಟ್ ಇಲ್ಲ.

ಅತ್ತಿಗೆಗೆ ನನ್ನ ವಿಷಯ ಹೇಳಬೇಡ.

ನಿನ್ನ ಚಿಕ್ಕಪ್ಪನಂಥ
ಮೈಕಣ್ಣ


ಮಾರ್ಚ್ 2

ಚಿಕ್ಕಪ್ಪನವರಿಗೆ,

‘ನಂಥ’ ಬೇಡ, ಬರೀ ಚಿಕ್ಕಪ್ಪ ಸಾಕು. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ಮೂರನೆಯವರೊಬ್ಬರು ಕಾಗದದಲ್ಲಾದರೂ ಸಿಕ್ಕಿದರೆ ಬಿಟ್ಟುಕೊಡುವುದಿಲ್ಲ.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಅಪ್ಪ ಹಾಸ್ಯ ಮಾಡುತ್ತಿದ್ದರು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ ಮಾಡುತ್ತಾಳೆ. ಮೂರು ಬೀದಿಯ ಅಂಗಿಗಳು ಅವಳ ಕೈಯಿಂದಲೇ ನೆಟ್ಟಗಾಗುವುದು. ಮಹಡಿಯ ಮೇಲೆ ಆರು ಸಾಲು ಹಗ್ಗ, ಒಂದು ಬಿದಿರಿನ ಗಳ. ಹಗ್ಗಕ್ಕೆ ಊರವರ ಬಟ್ಟೆ, ಗಳಕ್ಕೆ ನಮ್ಮದು. ಮಳೆ ಹನಿದರೆ ಊರವರ ಬಟ್ಟೆಗಿಂತ ಮೊದಲು ಆ ಗಳವನ್ನು ಒಳಗೆ ತರುತ್ತಾಳೆ. “ಗಿರಾಕಿಗಳು ನೋಡಿದ್ರೆ ಓಡಿಹೋಗ್ತಾರೆ ಅಮ್ಮ” ಎಂದರೆ, “ಅವರ ಅಂಗಿ ನೆನೆಯೋದಕ್ಕೇ ಇರೋದು” ಎನ್ನುತ್ತಾಳೆ.

ನಿಮ್ಮ ಹೆಸರು ಹೇಳದೆ ಸುಮ್ಮನೆ, “ಅಪ್ಪ ಕುಡೀತಿದ್ರಾ?” ಎಂದು ಕೇಳಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಒಂದೇ ಕಡೆ ಇಟ್ಟು ನಿಂತುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಅಂಗಿ ಸುಟ್ಟಿತು.

ಅಂಗಡಿಯಲ್ಲಿ ನನ್ನ ಕೆಲಸ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಗಾಜಿನ ನಡುಬಿಂದು ಕಣ್ಣಿನ ನಡುವಿಗೆ ಸರಿಯಾಗಿ ಬರಬೇಕು. ಎರಡು ಕೂದಲಿನಷ್ಟು ತಪ್ಪಿದರೂ ಮೆಟ್ಟಿಲಿಲ್ಲದ ಕಡೆ ಮೆಟ್ಟಿಲು ಕಾಣುತ್ತದೆ, ಮನುಷ್ಯ ಎಡವುತ್ತಾನೆ. ಎಡವಿದವನನ್ನು ಎಲ್ಲರೂ ನೋಡುತ್ತಾರೆ, ಗಾಜನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಈ ಪ್ರಶ್ನೆ ಕೇಳದೆ ಇರಲಾರೆ: ಅಪ್ಪ ಕುಡಿದಿರಲಿಲ್ಲ ಎಂದರೆ, ಹುಟ್ಟಿದಾಗಿನಿಂದ ಆ ಹೊಳೆ ಬಲ್ಲವರು ದಿಬ್ಬದ ಮೇಲೆ ದೋಣಿ ಏರಿಸಿದ್ದು ಹೇಗೆ?

ನಿಮ್ಮ ಮಗಳು


ಮೇ 11

ಮಗಳೇ,

ಎರಡು ತಿಂಗಳು ಸುಮ್ಮನಿದ್ದೆ. ನೀನು ಕಳಿಸಿದ ಎರಡು ಕಾರ್ಡೂ ಬಂದವು. ‘ಚಿಕ್ಕಪ್ಪ, ಆರೋಗ್ಯವೇ?’ ಎಂದು ಕೇಳಿದ್ದೀಯ. ಆರೋಗ್ಯಕ್ಕೇನು, ಗುಂಡುಕಲ್ಲಿನಂತಿದ್ದೇನೆ. ಅದೇ ನಾಚಿಕೆ.

ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿರುವವರು ಭೂಮಿಯ ಮೇಲೆ ಹೆಚ್ಚಿಲ್ಲ. ಹೇಳುತ್ತೇನೆ.

ಪ್ರವಾಹ ಇಳಿದ ಮೇಲೆ ನಮ್ಮ ಹೊಳೆಯಲ್ಲಿ ಮೀನು ಕೂಡ ದಾರಿ ಕೇಳುತ್ತದೆ. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ದಿಬ್ಬ, ದಿಬ್ಬವಿದ್ದಲ್ಲಿ ಮಡು. ಮೇಲಿಂದ ನೋಡಿದರೆ ಎಲ್ಲ ಒಂದೇ ಬಣ್ಣದ ನೀರು. ಅದಕ್ಕೆ ಪ್ರತಿ ವರ್ಷ ನೀರಿಳಿದ ಕೂಡಲೇ ಒಬ್ಬ ಆಳ ನೋಡಿಕೊಂಡು ಹೋಗಿ, ಆಳದ ಅಂಚಿಗೆ ಬಿದಿರಿನ ಗಳ ನೆಡಬೇಕು. ಗಳದ ತುದಿಗೆ ಬಿಳಿ ಬಟ್ಟೆ. ದೋಣಿಯವರು ಬಟ್ಟೆಯಿಂದ ಬಟ್ಟೆಗೆ ಬರುತ್ತಾರೆ. ನಮ್ಮ ಕಡೆ ಗಳ ನೆಡುವವನು ನಾನು.

ಆ ತಿರುವು ಕುಡುಗೋಲಿನ ಹಾಗೆ. ಅದಕ್ಕೆ ಹತ್ತು ಗಳ. ಆ ವರ್ಷ ನನ್ನ ಹತ್ತಿರ ಒಂಬತ್ತೇ ಇದ್ದವು. ಒಂದು ಸಿಗಲಿಲ್ಲ. ಬಿದಿರು ಕಡಿದು ತರಲು ಅರ್ಧ ದಿನ ಹುಟ್ಟು ಹಾಕಬೇಕು, ಅಷ್ಟರಲ್ಲಿ ಉಬ್ಬರ ಬರುತ್ತದೆ, ಬಂದರೆ ನೆಡುವುದು ಮಾರನೆಯ ದಿನಕ್ಕೆ. ನಾನು ಏನು ಮಾಡಿದೆ ಗೊತ್ತೇ? ಹತ್ತು ನಿಲ್ಲಬೇಕಾದ ದಾರಿಗೆ ಒಂಬತ್ತನ್ನು ಹಿಗ್ಗಿಸಿದೆ. ಪ್ರತಿ ಗಳವನ್ನೂ ಎರಡೆರಡು ಮಾರು ಮುಂದೆ ಮುಂದೆ ನೆಟ್ಟೆ. ಎರಡು ತುದಿಯೂ ಸರಿಯಾಗಿಯೇ ಇದ್ದವು. ನಡುವೆ ಕುಡುಗೋಲಿನ ಹೊಟ್ಟೆ ಮಾತ್ರ ನೆಟ್ಟಗಾಯಿತು. ದಡದಲ್ಲಿ ನಿಂತು ನೋಡಿದರೆ ಅಂದವಾಗಿಯೇ ಕಾಣುತ್ತಿತ್ತು. ‘ಪರವಾಗಿಲ್ಲ’ ಎಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಣ್ಣ ಹೆಂಚು ತುಂಬಿಕೊಂಡು ಬಂದರು. ನೀರು ಇಳಿಯುತ್ತಿತ್ತು. ನಾನು ದಡದಲ್ಲಿ ಕೂತು ತಿಂಡಿ ತಿನ್ನುತ್ತಿದ್ದೆ. ಅವರು ನನ್ನ ಕಡೆ ಕೈ ಎತ್ತಿದರು. ಬೇರೆ ದೋಣಿಯವರು ಗಳ ಇದ್ದರೂ ಅಳೆಯುವ ಕೋಲು ಇಳಿಬಿಟ್ಟು ನೋಡುತ್ತಿದ್ದರು. ಅಣ್ಣ ನೋಡುತ್ತಿರಲಿಲ್ಲ. “ನೆಟ್ಟೋನು ನೀನಾದ್ರೆ ನಾನು ಕಣ್ಣು ಮುಚ್ಕೊಂಡು ಬರ್ತೀನಿ” ಎನ್ನುತ್ತಿದ್ದರು. ಹಾಗೇ ಬಂದರು. ನಾಲ್ಕನೆಯ ಗಳಕ್ಕೂ ಐದನೆಯದಕ್ಕೂ ನಡುವೆ ದೋಣಿ ದಿಬ್ಬ ಹತ್ತಿ ವಾಲಿತು. ಹೆಂಚು ಒಂದೇ ಕಡೆ ಜಾರಿತು. ಆ ಸದ್ದು ದೊಡ್ಡದೇನಲ್ಲ. ಯಾರೋ ತಟ್ಟೆಗಳನ್ನು ಜೋಡಿಸುತ್ತಿರುವ ಹಾಗೆ. ಅವರು ಅದರ ಕೆಳಗಿದ್ದರು.

ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನೇ ಮೊದಲು ಕೇಳಿದ. “ಗಳ ಸರಿ ಇತ್ತೇನಯ್ಯ?” “ಇತ್ತು.” “ಮತ್ತೆ ಹೇಗಾಯ್ತು? ಕುಡಿದಿದ್ನಾ?” ನಾನು ನೆಲ ನೋಡುತ್ತಾ, “ಸ್ವಲ್ಪ ಹಾಕಿದ್ರು ಅನ್ಸುತ್ತೆ” ಎಂದೆ. ಅಷ್ಟೇ. ಸ್ವಲ್ಪ ಎಂದೆ, ಅನ್ಸುತ್ತೆ ಎಂದೆ. ಆ ಮಾತು ಆರು ತಿಂಗಳಲ್ಲಿ ಒಂದು ಪೀಪಾಯಿ ಆಯಿತು. ಹತ್ತು ವರ್ಷದಲ್ಲಿ ದಿಬ್ಬಕ್ಕೆ ಹೆಸರಾಯಿತು. ನನ್ನ ಕೈಗೆ ಮೈಕು ಬಂದ ಮೇಲೆ ಅದಕ್ಕೆ ದನಿಯೂ ಬಂತು. ಜನ ನಕ್ಕಷ್ಟೂ ನನಗೆ ಹಗುರಾಗುತ್ತಿತ್ತು. ಇಷ್ಟು ಜನ ನಂಬಿದ ಮೇಲೆ ನಿಜವೇ ಇರಬೇಕು ಎಂದು ನನಗೇ ಅನ್ನಿಸುವಷ್ಟು.

ನಿನ್ನ ಮೊದಲ ಕಾಗದ ಬಂದಾಗಿನಿಂದ ಆ ಕಥೆ ಹೇಳಿಲ್ಲ. ತಿರುವಿನಲ್ಲಿ ಮೈಕು ಆರಿಸಿ ಕೂರುತ್ತೇನೆ. ಯಜಮಾನರು, “ಏನ್ ಮೈಕಣ್ಣ, ಬ್ಯಾಟ್ರಿ ಹೋಯ್ತಾ?” ಎಂದರು. ನಾನು ಹೌದು ಎಂದೆ. ನೋಡು, ಇನ್ನೂ ಸುಳ್ಳೇ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಗಳ ನೆಟ್ಟವನು


ಮೇ 19

ಮಾನ್ಯರೇ,

ನಿಮ್ಮ ಪತ್ರ ತಲುಪಿತು.

ಅಮ್ಮನಿಗೆ ಎಲ್ಲ ಹೇಳಿದೆ, ನಿಮ್ಮ ವಿಷಯವನ್ನೂ. ಪೂರ್ತಿ ಕೇಳಿದಳು. ‘ಒಂದು ಸಿಗಲಿಲ್ಲ’ ಎಂಬ ಸಾಲು ಓದಿದಾಗ ಎದ್ದು ಮಹಡಿಗೆ ಹೋದಳು. ಊಟಕ್ಕೆ ಕರೆದರೂ ಇಳಿಯಲಿಲ್ಲ.

ನನಗೆ ಒಂದೇ ಒಂದು ವಿಷಯ ತಿಳಿಯಬೇಕು. ಆಮೇಲೆ ನಿಮಗೆ ಬರೆಯುವುದಿಲ್ಲ. ಪ್ರತಿ ವರ್ಷ ಹತ್ತು ಗಳ ಇಟ್ಟುಕೊಳ್ಳುತ್ತಿದ್ದವರು ನೀವು. ಆ ವರ್ಷ ಹತ್ತನೆಯದು ಎಲ್ಲಿ ಹೋಯಿತು?

ಇಂತಿ,
ಕನ್ನಡಕದ ಅಂಗಡಿಯವಳು


ಮೇ 27

ಅತ್ತಿಗೆಗೆ ನಮಸ್ಕಾರ.

ಇಪ್ಪತ್ತಾರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಂಡು ಕಾಗದವನ್ನು ಒಲೆಗೆ ಹಾಕದಿದ್ದರೆ ಇಷ್ಟು ಓದಿ.

ಮಗಳು ಹತ್ತನೆಯ ಗಳ ಎಲ್ಲಿ ಎಂದು ಕೇಳಿದ್ದಾಳೆ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಏನು ಹೇಳಬೇಕೆಂದು ನೀವು ತಿಳಿಸಬೇಕು.

ನನಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ಗಳಗಳನ್ನು ದೋಣಿಗೆ ಹಾಕುತ್ತಿದ್ದೆ. ಮಗು ಬೆಳಗಿನಿಂದ ಒಂದೇ ಸಮ ಅಳುತ್ತಿತ್ತು. ಜೋಲಿ ಕಟ್ಟಿದ್ದ ತೊಲೆಗೆ ಹುಳ ಹಿಡಿದು ಬಾಗಿತ್ತು. ನೀವು ಬಾಗಿಲಿಗೆ ಬಂದು, “ಒಂದು ಗಳ ಕೊಡೋ, ಒಂದು ದಿನದ ಮಟ್ಟಿಗೆ. ನಾಳೆ ನಿಮ್ಮಣ್ಣ ಬಂದು ಬೇರೆ ತರ್ತಾರೆ” ಎಂದಿರಿ. ಎರಡು ಗೋಡೆಯ ಮೇಲೆ ಅಡ್ಡ ಇಟ್ಟು, ಜೋಲಿ ಕಟ್ಟಿ, ತೂಗಿ ನೋಡಿ, “ಆನೆ ಮಲಗಿದ್ರೂ ತಡೆಯುತ್ತೆ” ಎಂದು ಹೇಳಿ ಹೋದವನು ನಾನೇ. ನಾನು ದೋಣಿ ನೂಕುವ ಹೊತ್ತಿಗೆ ಅಳು ನಿಂತಿತ್ತು.

ತಪ್ಪು ನಿಮ್ಮದಲ್ಲ. ಗಳ ಕೊಟ್ಟದ್ದೂ ತಪ್ಪಲ್ಲ. ಒಂದು ಕಮ್ಮಿ ಇದೆ ಎಂದು ಗೊತ್ತಿದ್ದೂ ನೆಟ್ಟದ್ದು ತಪ್ಪು. ಅದನ್ನು ಹೊತ್ತುಕೊಳ್ಳುವ ಬದಲು ಸತ್ತವರ ತಲೆಗೆ ಕಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಇವೆರಡರಲ್ಲೂ ನಿಮ್ಮ ಪಾಲಿಲ್ಲ.

ಅವಳಿಗೆ ಇದು ಗೊತ್ತಾಗಬಾರದು. ಜೋಲಿಯಲ್ಲಿದ್ದ ಕೂಸಿಗೆ ಇದು ಯಾಕೆ?

ನಿಮ್ಮ ಮೈದುನನಂತಿದ್ದವನು


ಜೂನ್ 15

ನಿನಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಗಿರಾಕಿಗಳ ಚೀಟಿ ಬರೆಯುತ್ತೇನೆ, ಅಷ್ಟೆ. ಅಂಗಿ ನಾಲ್ಕು, ಕರೆ ಒಂದು, ಹೋಗಲಿಲ್ಲ. ಹಾಗೆ ಬರೆಯುತ್ತೇನೆ.

ಪಾಲಿಲ್ಲ ಎಂದು ನೀನು ಹೇಳಿದರೆ ಆಯಿತೇ? ನೀನು ಆ ಅಧಿಕಾರಿಯ ಮುಂದೆ ‘ಸ್ವಲ್ಪ ಹಾಕಿದ್ರು’ ಎಂದಾಗ ನಾನು ಬಾಗಿಲ ಹಿಂದೆ ಇದ್ದೆ. ಅವರು ಹನಿ ಮುಟ್ಟದವರು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಹೆಜ್ಜೆ ಮುಂದೆ ಬಂದು ಸುಳ್ಳು ಎನ್ನಬಹುದಿತ್ತು. ಬರಲಿಲ್ಲ. ಅವರು ಕುಡಿದಿದ್ದರು ಎಂದಾದರೆ ನೀನು ಕಮ್ಮಿ ನೆಟ್ಟದ್ದೂ ಇಲ್ಲ, ನಾನು ಕೇಳಿದ್ದೂ ಇಲ್ಲ. ನಾವಿಬ್ಬರೂ ಅವರ ಹಿಂದೆ ಅಡಗಿಕೊಂಡೆವು. ಎತ್ತರದ ಮನುಷ್ಯ, ಇಬ್ಬರಿಗೂ ಜಾಗವಾಯಿತು.

ಆ ಗಳವನ್ನು ಸುಡಬೇಕೆಂದು ಎರಡು ಸಲ ಒಲೆಯ ಮುಂದೆ ತಂದೆ. ಮಗು ಅದರಲ್ಲಲ್ಲದೆ ಬೇರೆ ಕಡೆ ಮಲಗುತ್ತಿರಲಿಲ್ಲ. ಊರು ಬಿಡುವಾಗ ಹೊತ್ತುಕೊಂಡು ಬಂದೆ. ಮೂರು ವರ್ಷ ಅದರಲ್ಲೇ ತೂಗಿದೆ. ಆಮೇಲೆ ಬಿಸಾಡಲು ಆಗಲಿಲ್ಲ.

ಗಳ ಮುರಿದಿತ್ತು ಎಂದು ಅವಳಿಗೆ ಹೇಳಿದ್ದೇನೆ. ನೀನೂ ಹಾಗೇ ಬರೆ. ಈ ಒಂದು ಸುಳ್ಳು ಇರಲಿ. ಇನ್ನೊಂದು ಸುಳ್ಳನ್ನು ನೀನೇ ತೆಗೆಯಬೇಕು. ಯಾವ ಮೈಕಿನಲ್ಲಿ ಅವರನ್ನು ಕುಡುಕ ಎಂದೆಯೋ ಅದೇ ಮೈಕಿನಲ್ಲಿ ಅಲ್ಲ ಎನ್ನು. ಬ್ಯಾಟರಿ ಹೋಗಿದೆ ಎನ್ನಬೇಡ.

ಅತ್ತಿಗೆ


ಸೆಪ್ಟೆಂಬರ್ 3

ಚಿಕ್ಕಪ್ಪನವರಿಗೆ,

‘ಗಳ ಮುರಿದಿತ್ತು’ ಎಂಬ ನಿಮ್ಮ ಎರಡು ಪದದ ಕಾರ್ಡು ಜೂನ್ ಕೊನೆಯಲ್ಲೇ ಬಂತು. ಅಮ್ಮನೂ ಅದೇ ಎರಡು ಪದ ಹೇಳಿದ್ದಳು. ಮತ್ತೆ ಬರೆಯುವುದಿಲ್ಲ ಎಂದಿದ್ದೆ. ಆದರೆ ನಮ್ಮ ಅಂಗಡಿಯ ಯಜಮಾನರಿಗೆ ದುರ್ಬೀನಿನ ಸೇಡು ತೀರಿರಲಿಲ್ಲವಂತೆ, ಹೋದ ವಾರ ಮನೆಯವರನ್ನೆಲ್ಲ ಕರೆದುಕೊಂಡು ನಿಮ್ಮ ದೋಣಿಗೆ ಬಂದಿದ್ದರು. ತಿರುವಿನಲ್ಲಿ ನೀವು ಎದ್ದು ನಿಂತು ಹೇಳಿದಿರಂತೆ: “ಇಲ್ಲೊಬ್ಬರು ಒಳ್ಳೆ ದೋಣಿಯವರು ಸತ್ರು. ಕುಡಿದಿರಲಿಲ್ಲ. ಹನಿ ಮುಟ್ಟಿದೋರಲ್ಲ. ಗಳ ತಪ್ಪಾಗಿ ನೆಟ್ಟಿತ್ತು, ನೆಟ್ಟೋನು ನಾನು. ಅವರನ್ನ ಕುಡುಕ ಅಂದೋನೂ ನಾನೇ.” ಯಜಮಾನರು ಅಂಗಡಿಗೆ ಬಂದು, “ಊಟ ಚೆನ್ನಾಗಿತ್ತಮ್ಮ, ಕಥೆ ಮಾತ್ರ ಈ ಸಲ ಸಪ್ಪೆ” ಎಂದರು. ನಾನು ಗಾಜು ಉಜ್ಜುವ ಯಂತ್ರ ಹಾಕಿಕೊಂಡೆ, ಅದರ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ. ಆಗಲಿಲ್ಲ. ಬರುತ್ತೇನೆ ಎಂದು ಮಾತ್ರ ಬರೆಯಬಲ್ಲೆ. ಹದಿನೈದನೆಯ ತಾರೀಕು, ಬೆಳಗಿನ ದೋಣಿಗೆ, ನಾನು ಮತ್ತು ಅಮ್ಮ.

ಒಂದು ತೊಂದರೆ ಇದೆ. ಅಮ್ಮ ನಿನ್ನೆ ಮಹಡಿಯ ಗಳವನ್ನು ಬಿಚ್ಚಿ ಒರೆಸಿ ಇಟ್ಟಿದ್ದಾಳೆ, ಅದೂ ಬರಬೇಕಂತೆ. ಎರಡಾಳುದ್ದ ಇದೆ. ಬಸ್ಸಿನವರಿಗೆ ಏನು ಹೇಳಲಿ ಎಂದರೆ, “ನಮ್ಮ ಜೊತೆ ಅದೂ ಒಬ್ಬರು ಅನ್ನು” ಎಂದಳು. ಯಾರದು ಎಂದು ಕೇಳಿದೆ. “ನಿನ್ನ ಚಿಕ್ಕಪ್ಪನದ್ದು. ಒಂದು ದಿನಕ್ಕೆ ಅಂತ ಇಸ್ಕೊಂಡಿದ್ದೆ, ವಾಪಸ್ ಕೊಡೋಕೆ ಆಗಿರಲಿಲ್ಲ.” ಯಾತಕ್ಕೆ ಎಂದೆ. “ಬಟ್ಟೆ ಕಟ್ಟೋಕೆ” ಎಂದಳು.

ರಾತ್ರಿಯ ಊಟವಾದ ಮೇಲೆ ಅದನ್ನು ಕೈಯಾಡಿಸಿ ನೋಡಿದೆ. ನಡುಬಿಂದು ಹುಡುಕುವುದು ನನ್ನ ಕೆಲಸ ತಾನೇ. ಗಳದ ನಟ್ಟನಡುವೆ, ಗೇಣು ಅಂತರದಲ್ಲಿ, ಹಗ್ಗ ಉಜ್ಜಿ ಉಜ್ಜಿ ಗಾಜಿನಂತೆ ನಯವಾದ ಎರಡು ಗುರುತುಗಳಿವೆ. ಬಟ್ಟೆ ಒಣಹಾಕಿದರೆ ಅಂಥ ಗುರುತು ಬೀಳುವುದಿಲ್ಲ. ಅಲ್ಲಿ ಬಹಳ ದಿನ ಏನನ್ನೋ ತೂಗಿರಬೇಕು.

ನಾನು ಅಮ್ಮನನ್ನು ಕೇಳಲಿಲ್ಲ. ನಿಮ್ಮನ್ನೂ ಕೇಳುವುದಿಲ್ಲ. ಗಳ ಮುರಿದಿತ್ತು.

ಆ ತಿರುವಿನಲ್ಲಿ ದೋಣಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಆಗುತ್ತದೆಯೇ? ನಾಲ್ಕಕ್ಕೂ ಐದಕ್ಕೂ ನಡುವೆ ಎಂದು ಬರೆದಿದ್ದಿರಿ. ನೆಡುವಾಗ ಒಂದು ಕಡೆ ನಾನು ಹಿಡಿದುಕೊಳ್ಳುತ್ತೇನೆ.

ನಿಮ್ಮ ಮಗಳು